ಬಿಯರ್: ರುಚಿ ಬೇರೆ, ದೋಷ ಬೇರೆ

ಪ್ರಶ್ನೆ: ನನಗೆ ಹೆಫೆವೈಝೆನ್ ಇಷ್ಟ. ಒಂದು ಮೈಕ್ರೊಬ್ರುವರಿಯಲ್ಲಿ ಕುಡಿದರೆ ಬಾಳೆಹಣ್ಣಿನ ಘಮ, ಇನ್ನೊಂದರಲ್ಲಿ ಲವಂಗದ ಘಾಟು. ಎಸೆನ್ಸ್ ಹಾಕುತ್ತಾರೆಯೇ? ಯಾವುದು ಸರಿ?
– ಓದುಗರು, ಬೆಂಗಳೂರು

ಉತ್ತರ: ಎಸೆನ್ಸೂ ಇಲ್ಲ, ಹಣ್ಣೂ ಇಲ್ಲ. ಎರಡೂ ಯೀಸ್ಟ್ ಮಾಡುವ ಕೆಲಸ, ಎರಡೂ ಸರಿ. ಬವೇರಿಯಾದ ಈ ಬಿಯರ್‌ಗೆ ಬಳಸುವ ಮಾಲ್ಟ್‌ನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಕಾಳಿನಲ್ಲಿ) ಅರ್ಧಕ್ಕಾದರೂ ಕಡಿಮೆಯಿಲ್ಲದಷ್ಟು ಗೋಧಿ ಇರಬೇಕು. ಕಹಿ, ಘಮ ಕೊಡುವ ಹೂವಾದ ಹಾಪ್ಸ್ ತೀರಾ ಕಡಿಮೆ. ಕಹಿಯ ಮರೆ ಇಲ್ಲದ್ದರಿಂದ ಯೀಸ್ಟ್ ಏನು ಮಾಡಿದರೂ ಮೂಗಿಗೆ ನೇರವಾಗಿ ಸಿಗುತ್ತದೆ.

ಬಾಳೆಯ ಘಮ ಐಸೊಅಮೈಲ್ ಅಸಿಟೇಟ್‌ನದು. ಮಾಗಿದ ಬಾಳೆಹಣ್ಣಿನಲ್ಲಿ ಇರುವುದೂ ಇದೇ. ಹುದುಗುವಾಗ ತೊಟ್ಟಿಯ ಉಷ್ಣಾಂಶ 22 ಡಿಗ್ರಿಯ ಆಸುಪಾಸಿಗೆ ಏರಿದರೆ, ಅಥವಾ ಯೀಸ್ಟ್ ಸ್ವಲ್ಪ ಕಡಿಮೆ ಹಾಕಿದ್ದರೆ ಇದು ಹೆಚ್ಚುತ್ತದೆ. 17–18 ಡಿಗ್ರಿಯಲ್ಲಿ ಹಿಡಿದಿಟ್ಟರೆ ಬಾಳೆ ಹಿಂದೆ ಸರಿದು ಲವಂಗ ಮುಂದೆ ಬರುತ್ತದೆ. ಲವಂಗ ಇನ್ನೂ ಬೇಕೆನ್ನುವ ಬ್ರೂವರ್, ಮಾಲ್ಟ್ ನೆನೆಸುವಾಗಲೇ 45 ಡಿಗ್ರಿಯಲ್ಲಿ 15–20 ನಿಮಿಷ ನಿಲ್ಲಿಸುತ್ತಾನೆ. ಆಗ ಕಾಳಿನಿಂದ ಫೆರುಲಿಕ್ ಆಮ್ಲ ಬಿಡುತ್ತದೆ, ಅದನ್ನು ಯೀಸ್ಟ್ ಲವಂಗದ ವಾಸನೆಯಾಗಿ ಬದಲಿಸುತ್ತದೆ. ಅಂದರೆ ಈ ವ್ಯತ್ಯಾಸ ಬ್ರೂವರ್‌ನ ಆಯ್ಕೆ. ಉಗುರುಬಣ್ಣದ ಘಾಟು ಬಂದರೆ ಮಾತ್ರ ತಪ್ಪು: ತೊಟ್ಟಿ ಮಿತಿಮೀರಿ ಬಿಸಿಯಾಗಿದೆ ಎಂದರ್ಥ.

ಬಾಟಲಿಯದಾದರೆ ಗ್ಲಾಸನ್ನು ಓರೆ ಹಿಡಿದು ನಿಧಾನವಾಗಿ ಸುರಿಯಿರಿ. ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ಬಾಟಲಿಯನ್ನು ಗಿರ್ರನೆ ತಿರುಗಿಸಿ, ಕೆಳಗೆ ಕೂತ ಯೀಸ್ಟ್ ಕದಡಿದ ಮೇಲೆ ಅದನ್ನೂ ಸುರಿದುಕೊಳ್ಳಿ. ಅರ್ಧ ರುಚಿ ಅಲ್ಲೇ ಇರುತ್ತದೆ.

ಅಂದ ಹಾಗೆ, ಬೆಲ್ಜಿಯಂನ ವಿಟ್‌ಬಿಯರ್ ಕೂಡ ಗೋಧಿಯದೇ, ಆದರೆ ಅದರ ದಾರಿ ಬೇರೆ. ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ನಾವು ಸಾರಿನಪುಡಿಗೆ ಹುರಿಯುವ ಅದೇ ಕೊತ್ತಂಬರಿ ಬೀಜವನ್ನು ನಿಜವಾಗಿಯೂ ಹಾಕುತ್ತಾರೆ. ನಿಂತೇಹೋಗಿದ್ದ ಆ ಶೈಲಿಯನ್ನು ಹೂಗಾರ್ಡನ್ ಊರಿನಲ್ಲಿ 1966ರಲ್ಲಿ ಮತ್ತೆ ಕುದಿಸಿದವರು ಪಿಯರ್ ಸೆಲಿಸ್.

ಪ್ರಶ್ನೆ: ಐಪಿಎ (ಹಾಪ್ಸ್ ಹೆಚ್ಚಿರುವ ಇಂಡಿಯಾ ಪೇಲ್ ಏಲ್) ಕುಡಿಯದವನಿಗೆ ಬಿಯರ್ ಗೊತ್ತೇ ಇಲ್ಲ ಅಂತ ನನ್ನ ಭಾವಮೈದುನ ಹೇಳುತ್ತಾನೆ. ನನಗದು ಹಾಗಲಕಾಯಿ ರಸ. ಅಭ್ಯಾಸವಾದರೆ ಹಿಡಿಸುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ನಿಮ್ಮ ಭಾವಮೈದುನನ ಮಾತು ತಪ್ಪು. ಕಹಿಯನ್ನು ಗ್ರಹಿಸುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರ. ಅವನಿಗೆ ಹಿತವಾದ ಗ್ಲಾಸು ನಿಮ್ಮ ನಾಲಿಗೆಗೆ ನಿಜಕ್ಕೂ ಹೆಚ್ಚು ಕಹಿಯಾಗಿರಬಹುದು.

ಮೆನುವಿನಲ್ಲಿ ಐಬಿಯು (ಕಹಿಯ ಅಳತೆ) ಸಂಖ್ಯೆ ಇದ್ದರೆ ನೋಡಿ. ಹೆಫೆವೈಝೆನ್ 8–15, ಅಮೆರಿಕನ್ ಐಪಿಎ 40–70. ಆದರೆ ಸಂಖ್ಯೆಯೊಂದನ್ನೇ ನಂಬಬೇಡಿ, ಮಾಲ್ಟ್‌ನ ಸಿಹಿ ಹೆಚ್ಚಿದ್ದರೆ 50 ಕೂಡ ಮೆತ್ತಗಿರುತ್ತದೆ. ಹಾಪ್ಸನ್ನು 60 ನಿಮಿಷ ಕುದಿಸಿದರೆ ಕಹಿ ಬಿಡುತ್ತದೆ, ಘಮ ಹಾರಿಹೋಗುತ್ತದೆ. ಒಲೆ ಆರಿಸುವ ಹೊತ್ತಿಗೆ ಅಥವಾ ಹುದುಗುವ ತೊಟ್ಟಿಗೇ ಹಾಕಿದರೆ ಮಾವು, ಕಿತ್ತಳೆಯಂಥ ಘಮ ಉಳಿದು ಕಹಿ ತಗ್ಗುತ್ತದೆ. ಮಬ್ಬಾಗಿ ಕಾಣುವ ನ್ಯೂ ಇಂಗ್ಲೆಂಡ್ ಐಪಿಎ ಮಾಡುವುದು ಹೀಗೆ. ಹಾಪ್ಸ್ ಏನೆಂದು ತಿಳಿಯಬೇಕಿದ್ದರೆ ಅಲ್ಲಿಂದ ಶುರುಮಾಡಿ. ಸ್ಯಾಂಪ್ಲರ್ (ಹಲವು ಬಿಯರ್‌ಗಳ ಸಣ್ಣ ಗ್ಲಾಸುಗಳು) ತರಿಸಿದಾಗ ಐಪಿಎಯನ್ನು ಕೊನೆಗಿಡಿ. ಮೊದಲೇ ಕುಡಿದರೆ ಆಮೇಲಿನ ಹಗುರ ರುಚಿಯ ಲಾಗರ್ ನೀರಿನಂತಾಗುತ್ತದೆ.

ಪ್ರಶ್ನೆ: ಸ್ಟೌಟ್ ಕಪ್ಪಗಿರುತ್ತದೆ, ಹಾಗಾದರೆ ಕಿಕ್ ಹೆಚ್ಚಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಬಣ್ಣ ಕಾಫಿಬೀಜದಂತೆ ಹುರಿದ ಬಾರ್ಲಿಯದು, ಕಾಳಿನ ಒಟ್ಟು ತೂಕದಲ್ಲಿ ಅದು ಸುಮಾರು ಹತ್ತನೇ ಒಂದು ಭಾಗ. ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ 4.2 ಇದ್ದರೆ, ನಮ್ಮ ಅಂಗಡಿಗಳ ತಿಳಿಹಳದಿ 'ಸ್ಟ್ರಾಂಗ್' ಲಾಗರ್‌ಗಳಲ್ಲಿ ಶೇ 6ರಿಂದ 8. ಸ್ಟೌಟನ್ನು ಕೊರೆಯುವಷ್ಟು ತಣ್ಣಗೆ ಕುಡಿಯಬೇಡಿ. 10–12 ಡಿಗ್ರಿಗೆ ಬಂದರೆ ಚಾಕೊಲೇಟ್, ಕಾಫಿಯ ರುಚಿ ಬಿಡುತ್ತದೆ.

ಪ್ರಶ್ನೆ: ಲಾಗರ್‌ನಲ್ಲಿ ಬೆಣ್ಣೆಯ ವಾಸನೆ ಬಂತು. ಇದೂ ಒಂದು ಶೈಲಿಯೇ?
– ಓದುಗರು, ಮೈಸೂರು

ಉತ್ತರ: ಹೆಚ್ಚಿನ ಪಾಲು ದೋಷ. ಡಯಾಸಿಟೈಲ್ ಎಂಬ ಈ ವಸ್ತು ಹುದುಗುವಾಗ ಸಹಜವಾಗಿಯೇ ಹುಟ್ಟುತ್ತದೆ. ಲಾಗರ್ 10 ಡಿಗ್ರಿಯ ತಂಪಿನಲ್ಲಿ ಹುದುಗುತ್ತದೆ. ಕೊನೆಯ ಹಂತದಲ್ಲಿ ಅದನ್ನು 16–18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಟ್ಟರೆ ಯೀಸ್ಟೇ ಆ ಬೆಣ್ಣೆಯನ್ನು ತಿಂದು ಮುಗಿಸುತ್ತದೆ. ಗಿರಾಕಿಗಳ ನೂಕುನುಗ್ಗಲಿಗೆ ತೊಟ್ಟಿಯನ್ನು ಬೇಗ ತೆರೆದರೆ ಅದು ಉಳಿದುಬಿಡುತ್ತದೆ. ಜೆಕ್ ಪಿಲ್ಸ್ನರ್‌ನಲ್ಲಿ ಇದರ ಸಣ್ಣ ಎಳೆಯೊಂದನ್ನು ಒಪ್ಪುತ್ತಾರೆ, ಪಾಪ್‌ಕಾರ್ನ್ ಅಂಗಡಿಯ ವಾಸನೆಯನ್ನಲ್ಲ.

ಬೆಣ್ಣೆಯ ಜೊತೆಗೆ ಹುಳಿಯೂ ಇದ್ದು, ಬೇರೆ ಬೇರೆ ನಲ್ಲಿಗಳ ಬಿಯರ್‌ನಲ್ಲೂ ಅದೇ ಕಂಡರೆ ಸಂಶಯ ಪೈಪಿನ ಮೇಲೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೆಯದಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ಮನೆಮಾಡುತ್ತದೆ. ವಾಪಸ್ ಕಳಿಸಲು ಸಂಕೋಚಪಡಬೇಡಿ. ಶೈಲಿ ಹಿಡಿಸದಿದ್ದರೆ ಅದು ನಿಮ್ಮ ರುಚಿಯ ಮಾತು, ಇದು ಹಾಗಲ್ಲ.

ಪ್ರಶ್ನೆ: ಚಿಕನ್ ಘೀ ರೋಸ್ಟ್ ಜೊತೆ ಐಪಿಎ ಕುಡಿದರೆ ಬಾಯಿ ಉರಿದುಹೋಗುತ್ತದೆ. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ಮೆಣಸಿನ ಉರಿಯನ್ನು ಗ್ರಹಿಸುವ ನರವನ್ನೇ ಆಲ್ಕೋಹಾಲೂ ಕೆಣಕುತ್ತದೆ, ಹಾಪ್ಸ್‌ನ ಕಹಿ ಅದನ್ನು ಇನ್ನಷ್ಟು ಎಳೆಯುತ್ತದೆ. ಘೀ ರೋಸ್ಟ್, ನೀರುದೋಸೆಗೆ ಗೋಧಿ ಬಿಯರ್ ಹೊಂದುತ್ತದೆ. ಕಾಚಂಪುಳಿಯ ಪಂದಿ ಕರಿಗಾದರೆ ಡುಂಕೆಲ್ ಅಥವಾ ಪೋರ್ಟರ್‌ನಂಥ ಕಡುಬಣ್ಣದ ಬಿಯರ್ ತೆಗೆದುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಸುರಿದರೆ ನೊರೆ ನಿಲ್ಲುವುದಿಲ್ಲ, ಬಿಯರ್ ಹಳೆಯದೇ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಗ್ಲಾಸ್ ನೋಡಿ. ಜಿಡ್ಡಿನ ತೆಳು ಪದರವಿದ್ದರೂ ನೊರೆ ಒಡೆಯುತ್ತದೆ, ಗುಳ್ಳೆಗಳು ಗೋಡೆಗೆ ಅಂಟಿ ಕೂರುತ್ತವೆ. ಒಳಗೆ ನೀರು ಸವರಿ ಪುಡಿ ಉಪ್ಪು ಉದುರಿಸಿ. ಸ್ವಚ್ಛವಿದ್ದಲ್ಲಿ ಉಪ್ಪು ಸಮನಾಗಿ ಅಂಟುತ್ತದೆ, ಜಿಡ್ಡಿದ್ದಲ್ಲಿ ಜಾರಿ ಖಾಲಿ ಕಲೆ ಕಾಣುತ್ತದೆ. ಹಾಲಿನ ಲೋಟ, ಒಗ್ಗರಣೆ ಪಾತ್ರೆಗೆ ಬಳಸಿದ ಸ್ಕ್ರಬ್ಬರ್ ಬಿಯರ್ ಗ್ಲಾಸಿಗೆ ಬೇಡ. ತೊಳೆದ ಮೇಲೆ ಬಟ್ಟೆಯಿಂದ ಒರೆಸದೆ, ಜಾಲರಿಯ ಮೇಲೆ ಬೋರಲು ಹಾಕಿ ಗಾಳಿಗೇ ಒಣಗಲು ಬಿಡಿ.