17 ಸಲ ‘ಸ್ಫೂರ್ತಿ’

ನಮಸ್ಕಾರ.

‘ಬಣ್ಣಗಳ ಹಿಂದಿನ ಸ್ಫೂರ್ತಿ’ ಲೇಖನ ಓದಿದೆ. ಎಸ್. ಎಚ್. ರಝಾ, ಭೂಪೇನ್ ಖಖರ್, ಸುಧೀರ್ ಪಟವರ್ಧನ್ ಎಂಬ ಮೂವರು ಚಿತ್ರಕಾರರ ಬಗ್ಗೆ ಆರು ಪುಟ. ಕಾಗುಣಿತ ತಪ್ಪಿಲ್ಲ, ಹೇಳಿದ ದಿನಕ್ಕೆ ಕಳಿಸಿದ್ದೀರಿ. ಸಂತೋಷ. ಆದರೆ ಹೀಗೇ ಹಾಕೋಕೆ ಆಗಲ್ಲ.

ಎರಡು ಸಾಲಿನ ವಿಷಾದದ ಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ನಾಲ್ಕನೇ ಪುಟದಲ್ಲಿ ನೀವು ಬರೆದ ಒಂದು ಸಾಲು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜಗಳ.

ಪೆನ್ಸಿಲ್ ಹಿಡಿದು ಎಣಿಸಿದೆ. ‘ಸ್ಫೂರ್ತಿ’ 17 ಸಲ ಬಂದಿದೆ. ಪಡೆದರು, ದೊರೆಯಿತು, ಚಿಮ್ಮಿತು, ಸೆಲೆಯಾಯಿತು. ಏನು ನೋಡಿದರು, ಅದು ಕೈಗೆ ಹೇಗೆ ಇಳಿಯಿತು ಅಂತ ಹೇಳಬೇಕಾದ ಜಾಗದಲ್ಲೆಲ್ಲ ಈ ಪದ ಬಂದು ಕೂತಿದೆ.

ನಿಮ್ಮ ಎರಡನೇ ಪ್ಯಾರಾ ನೋಡಿ: ‘ಬಾಲಕ ರಝಾ ಗೋಡೆಯ ಮೇಲಿನ ಚುಕ್ಕೆಯನ್ನು ಕಂಡ ಆ ಕ್ಷಣವೇ ಮಹಾನ್ ಕಲಾವಿದನೊಬ್ಬನ ಉದಯವಾಯಿತು.’ ಆ ಕ್ಷಣವೇ? ಮೇಷ್ಟ್ರು ಗೋಡೆ ಮೇಲೆ ಚುಕ್ಕೆ ಇಟ್ಟು, ಚಂಚಲ ಹುಡುಗನನ್ನು ‘ಇದನ್ನೇ ನೋಡ್ತಾ ಕೂರು’ ಅಂತ ಕೂರಿಸಿದ ಕಥೆಯನ್ನು ರಝಾ ತಾವೇ ಹೇಳುತ್ತಿದ್ದರು. ಸರಿ. ಆದರೆ ಅವರು ಹುಟ್ಟಿದ್ದು 1922ರಲ್ಲಿ. ಫ್ರಾನ್ಸಿಗೆ ಹೋಗಿದ್ದು 1950ರಲ್ಲಿ. ಅಲ್ಲಿ ವರ್ಷಗಟ್ಟಲೆ ಬರೆದದ್ದು ಫ್ರಾನ್ಸಿನ ಹಳ್ಳಿ, ಮನೆ, ಚರ್ಚು. ಅವರ ಗುರುತೇ ಆಗಿಹೋದ ಕಪ್ಪು ಬಿಂದು, ಅಂದರೆ ದೊಡ್ಡ ದುಂಡು ಚುಕ್ಕೆ, ಕ್ಯಾನ್ವಾಸಿನ ನಡುವೆ ಬಂದು ಗಟ್ಟಿಯಾಗಿ ಕೂತಾಗ 1980ರ ಆಸುಪಾಸು. ಹುಡುಗನಿಗೆ ಎಂಟೋ ಹತ್ತೋ ವರ್ಷ ಅಂತಿಟ್ಟುಕೊಂಡರೂ ಮಧ್ಯೆ ಸುಮಾರು 50 ವರ್ಷ. ಅಷ್ಟು ದಿನ ಆ ಚುಕ್ಕೆ ಎಲ್ಲಿತ್ತು? ನನಗೆ ಓದಬೇಕಿರುವುದು ಆ 50 ವರ್ಷ. ನೀವು ಅದನ್ನು ‘ಆ ಕ್ಷಣವೇ’ ಅಂತ ಮುಗಿಸಿಬಿಟ್ಟಿರಿ.

ಮುಂದಿನ ಪುಟ: ‘ಸಾಮಾನ್ಯ ಜನರ ಬದುಕಿನಿಂದ ಸ್ಫೂರ್ತಿ ಪಡೆದ ಖಖರ್ ತಮ್ಮ ಕುಂಚದಿಂದ ಅಮರ ಕಲಾಕೃತಿಗಳನ್ನು ಸೃಷ್ಟಿಸಿದರು.’ ಇದರಲ್ಲಿ ಖಖರ್ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತೆ, ಅಲ್ವಾ? ಯಾವ ಜನ? 1972ರಲ್ಲಿ ಅವರು ಒಬ್ಬ ವಾಚ್ ರಿಪೇರಿಯವನನ್ನು ಬರೆದರು. ಚಿತ್ರದ ಹೆಸರು ‘ಜನತಾ ವಾಚ್ ರಿಪೇರಿಂಗ್’. ಅದೇ ವರ್ಷ ‘ಡೀಲಕ್ಸ್ ಟೇಲರ್ಸ್’. ಹೆಸರು ಓದಿದರೆ ಅಂಗಡಿ ಬೋರ್ಡ್ ಓದಿದ ಹಾಗೇ ಇಲ್ವಾ? ಆ ಮನುಷ್ಯ ಚಾರ್ಟರ್ಡ್ ಅಕೌಂಟೆಂಟ್. ಬರೋಡಾದಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆದು, ಉಳಿದ ಹೊತ್ತಲ್ಲಿ ಚಿತ್ರ ಬರೆದವರು. ದೇವರ ಪಟ, ಕ್ಯಾಲೆಂಡರ್ ಚಿತ್ರ ಅಂದರೆ ಓದಿಕೊಂಡವರು ಮೂಗು ಮುರಿಯುತ್ತಿದ್ದಾಗ ಅದರ ಬಣ್ಣವನ್ನೇ ಕ್ಯಾನ್ವಾಸಿಗೆ ತಂದರು. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಊದುಬತ್ತಿ ಹೊಗೆ ಹಿಡಿದ ಲಕ್ಷ್ಮಿ ಕ್ಯಾಲೆಂಡರ್ ಇದೆ, ನಿಮ್ಮ ಬೀದಿಯಲ್ಲೂ ಇರುತ್ತೆ. ಅದನ್ನು ಒಂದ್ಸಲ ನಿಂತು ನೋಡಿ ಬಂದಿದ್ದರೂ ಆ ಪ್ಯಾರಾ ಬದುಕುತ್ತಿತ್ತು.

ನಿಮ್ಮ ಮೇಲೆ ಇಷ್ಟು ಸಿಟ್ಟು ಯಾಕೆ ಅಂದರೆ ಇದು ನನ್ನದೇ ಹಳೇ ಕಾಯಿಲೆ. ಪತ್ರಿಕೆಗೆ ಸೇರಿದ ಹೊಸತು. ಕೆ. ಕೆ. ಹೆಬ್ಬಾರರ ಚಿತ್ರ ನೋಡಿ ಬರೆಯಲು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಕಳಿಸಿದ್ದರು. ಒಂದು ಗಂಟೆ ಅಡ್ಡಾಡಿ ಬಂದೆ. ‘ನೃತ್ಯದಿಂದ ಸ್ಫೂರ್ತಿ ಪಡೆದ ಹೆಬ್ಬಾರರ ರೇಖೆಗಳು ಕುಣಿಯುತ್ತವೆ’ ಅಂತ ಬರೆದು, ನನ್ನಷ್ಟಕ್ಕೆ ನಾನೇ ಬೀಗಿ, ಹಿರಿಯ ಉಪಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಕೇಳಿದ್ದು ಒಂದೇ: ‘ಕುಣಿತ ನೋಡಿ ಬರೆದ್ರಾ, ಕುಣಿದು ಬರೆದ್ರಾ?’

ನನ್ನನ್ನೇ ಕೇಳಿದರು ಅಂದುಕೊಂಡು ‘ನಂಗೆ ಕುಣಿಯೋಕೆ ಬರಲ್ಲ ಸಾರ್’ ಅಂದೆ. ಇಡೀ ಡೆಸ್ಕ್ ನಕ್ಕಿತು.

ಅವರು ಕೇಳಿದ್ದು ಹೆಬ್ಬಾರರ ಬಗ್ಗೆ. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಯಕ್ಷಗಾನ ನೋಡುತ್ತ ಬೆಳೆದ ಹೆಬ್ಬಾರರು, ಮುಂಬೈಗೆ ಹೋದ ಮೇಲೆ ಗುರುವನ್ನು ಹಿಡಿದು ಕಥಕ್ ಕಲಿತಿದ್ದರು. ರಂಗ ಏರೋಕೆ ಅಲ್ಲ, ಲಯ ಮೈಗೆ ಹತ್ತಲಿ ಅಂತ. ಇಷ್ಟನ್ನು ಬರೆದೆ. ‘ಸ್ಫೂರ್ತಿ’ಗೆ ಆ ವಾಕ್ಯದಲ್ಲಿ ಜಾಗವೇ ಉಳಿಯಲಿಲ್ಲ. ಆದರೂ ಅವರು ಇನ್ನೊಂದು ಸಲ ತಿದ್ದಿಸಿದರು ಅನ್ನೋದು ಬೇರೆ ಮಾತು.

ಇನ್ನು ಪಟವರ್ಧನ್. ಐದನೇ ಪುಟದಲ್ಲಿ ‘ಮುಂಬೈನ ಜನಸಾಗರದಿಂದ ಸ್ಫೂರ್ತಿ ಪಡೆದ ಇವರು (ವೃತ್ತಿಯಿಂದ ವೈದ್ಯರು)’ ಅಂದಿದ್ದೀರಿ. ಬ್ರ್ಯಾಕೆಟ್ಟಿನಲ್ಲಿ! ಅವರು ರೇಡಿಯಾಲಜಿಸ್ಟ್. ಮುಂಬೈ ಪಕ್ಕದ ಠಾಣೆ ನಗರದಲ್ಲಿ 2005ರವರೆಗೆ, ಸುಮಾರು 30 ವರ್ಷ, ಎಕ್ಸ್-ರೇ ನೋಡಿದವರು. ದಿನವಿಡೀ ಅವರ ಮುಂದೆ ಬರುತ್ತಿದ್ದದ್ದು ಜನರ ಎಲುಬು, ಎದೆಗೂಡು. ಅದೇ ಕೈ ಕೂಲಿಯವರ ಭುಜ ಬರೆಯಿತು, ಇರಾನಿ ಹೋಟೆಲಿನಲ್ಲಿ ಒಬ್ಬನೇ ಕೂತ ಗಿರಾಕಿಯನ್ನು ಬರೆಯಿತು. ಆ ಮೈಗಳ ಭಾರ ಎಕ್ಸ್-ರೇ ಕೋಣೆಯಿಂದ ಬಂತಾ, ಲೋಕಲ್ ಟ್ರೈನಿನಿಂದ ಬಂತಾ? ನನಗೆ ಎರಡೂ ಅನ್ನಿಸುತ್ತೆ. ನಿಮಗೆ ಏನನ್ನಿಸಿತು ಅಂತ ಲೇಖನದಲ್ಲಿ ಎಲ್ಲೂ ಇಲ್ಲ.

ಈಗ ಆ ನಾಲ್ಕನೇ ಪುಟ. ಗ್ಯಾಲರಿಯಲ್ಲಿ ರಝಾ ಅವರ ಒಂದು ಬಿಂದುವಿನ ಹತ್ತಿರ ಹೋದಿರಂತೆ. ‘ದೂರದಿಂದ ಒಂದೇ ಕಪ್ಪು. ಹತ್ತಿರ ಹೋದರೆ ಕುಂಚದ ಎಳೆಗಳು ಕಂಡವು, ಅಂಚಿನಲ್ಲಿ ಒಂಚೂರು ಕೆಂಪು. ಅಷ್ಟರಲ್ಲಿ ಗಾರ್ಡ್ ಹಿಂದೆ ಸರೀರಿ ಮೇಡಂ ಅಂದರು.’ ಇದನ್ನು ಬರೆದವರೇ ಮೇಲಿನ 17 ಸ್ಫೂರ್ತಿಗಳನ್ನೂ ಬರೆದರು ಅಂದರೆ ನಂಬೋಕೆ ಕಷ್ಟ. ಮುಂದಿನ ವಾಕ್ಯದಲ್ಲೇ ನೀವು ‘ಭಾರತೀಯ ಅಧ್ಯಾತ್ಮ’ಕ್ಕೆ ಓಡಿದ್ದೀರಿ. ಗಾರ್ಡ್ ಕೂಡ ಅಷ್ಟು ದೂರ ಸರಿಯಿರಿ ಅಂದಿರಲಿಲ್ಲ.

ಖಖರ್, ಪಟವರ್ಧನ್ ಇಬ್ಬರನ್ನೂ ಸದ್ಯಕ್ಕೆ ಎತ್ತಿಡಿ. ರಝಾ ಒಬ್ಬರೇ ಸಾಕು, 800 ಪದ ಜಾಸ್ತಿಯೇ. ಆ ಗ್ಯಾಲರಿಗೆ ಇನ್ನೊಂದು ಸಲ ಹೋಗಿ, ಕೂರೋಕೆ ಬೆಂಚ್ ಇದ್ದರೆ ಕೂತು ನೋಡಿ. ಅಂಚಿನ ಕೆಂಪಿನಿಂದ ಶುರು ಮಾಡಿ ಬರೆದು ಕಳಿಸಿ. ಫೋಟೊ ನಾವೇ ಹುಡುಕುತ್ತೇವೆ.