ಉಪ್ಪು ಬೆರೆತ ನೀರಿನಲ್ಲಿ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಸಪೂರ ಮೈಯ ಬಂಧು) ಬದುಕುತ್ತದೆಯೇ?

ಬದುಕುತ್ತದೆ, ಆದರೆ ಕೆಲವೇ ಜಾತಿಗಳು. ನನಗೆ ತುಂಬ ಇಷ್ಟವಾದದ್ದು ಜಪಾನಿನ ಹಿನುಮಾ ಇತೊತೊಂಬೊ. ‘ಇತೊ’ ಅಂದರೆ ದಾರ, ‘ತೊಂಬೊ’ ಅಂದರೆ ನಮ್ಮ ಏರೋಪ್ಲೇನ್ ಚಿಟ್ಟೆ. ಮೈಯೂ ಹಾಗೇ, ದಾರದಷ್ಟು ಸಪೂರ. ಗಂಡಿನ ಬೆನ್ನ ಮೇಲೆ ನಾಲ್ಕು ಪುಟ್ಟ ಚುಕ್ಕೆ. ಇಬಾರಾಕಿಯ ಹಿನುಮಾ ಸರೋವರದಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ವಿಜ್ಞಾನಿಗಳು ಇದನ್ನು ಹೊಸ ಜಾತಿ ಎಂದು ದಾಖಲಿಸಿದ್ದು 1972ರಲ್ಲಿ.

ಹೊಳೆ ನೀರಿಗೆ ಸಮುದ್ರದ ನೀರು ಬೆರೆಯುವ ಕಡೆ ಒತ್ತಾಗಿ ಬೆಳೆದ ಜೊಂಡೇ ಇದರ ಮನೆ. ಆ ಸವಳು ನೀರಿಗೆ ಬೇರೆ ಜಾತಿಗಳು ಜಾಸ್ತಿ ಬರುವುದಿಲ್ಲ. ಬಂದರೂ, ಇದನ್ನು ಹಿಡಿದು ತಿನ್ನುವ ದೊಡ್ಡ ಜಾತಿಗಳಿಗೆ ಜೊಂಡಿನ ಬುಡದಲ್ಲಿ ಹಾರಾಡಲು ಜಾಗವೇ ಇರುವುದಿಲ್ಲ. ಅದಕ್ಕೇ ಜೊಂಡನ್ನು ಸುಮ್ನೆ ಕಳೆ ಅಂದುಕೊಂಡು ಕಿತ್ತರೆ, ನೀರು ಚೆನ್ನಾಗಿದ್ದರೂ ಇದು ಉಳಿಯುವುದು ಕಷ್ಟ.