ಗೊಬ್ಬರ ಹೆಚ್ಚಿಸಿದರೂ ಬೆಳೆ ಸೊರಗುವುದೇಕೆ?

ಪ್ರಶ್ನೆ: ನಾಲ್ಕೈದು ವರ್ಷಗಳಿಂದ ರಾಸಾಯನಿಕ ಗೊಬ್ಬರವನ್ನು ಹೆಚ್ಚಿಸುತ್ತಲೇ ಬಂದಿದ್ದರೂ ಇಳುವರಿ ಇಳಿಯುತ್ತಿದೆ. ಮಳೆ ಬಂದರೆ ಹೊಲದಲ್ಲಿ ನೀರು ನಿಲ್ಲುತ್ತದೆ, ಎರಡು ದಿನ ಬಿಸಿಲು ಬಿದ್ದರೆ ನೆಲ ಹೆಪ್ಪುಗಟ್ಟುತ್ತದೆ. ಮಣ್ಣು ಪರೀಕ್ಷೆಯ ಪ್ರಕಾರ ರಂಜಕ, ಪೊಟ್ಯಾಷ್ ಸಾಕಷ್ಟಿವೆ, ರಸಸಾರವೂ (ಮಣ್ಣಿನ ಆಮ್ಲ-ಕ್ಷಾರದ ಮಟ್ಟ) ಸರಿಯಾಗಿದೆ, ಸಾವಯವ ಇಂಗಾಲ ಮಾತ್ರ ಕಡಿಮೆ. ಹಾಗಿದ್ದರೆ ತೊಂದರೆ ಎಲ್ಲಿದೆ?

ಉತ್ತರ: ನೀವು ‘ಮಾತ್ರ’ ಎಂದು ಕೊನೆಯಲ್ಲಿ ಸೇರಿಸಿರುವ ಆ ಸಾವಯವ ಇಂಗಾಲದ, ಎಂದರೆ ಕೊಳೆತ ಸಸ್ಯ, ಸಗಣಿಯಂಥವುಗಳಿಂದ ಮಣ್ಣಿಗೆ ಸೇರುವ ಇಂಗಾಲದ, ಕೊರತೆಯಲ್ಲಿಯೇ ತೊಂದರೆಯ ಬೇರಿದೆ ಎಂದು ನನಗೆ ತೋರುತ್ತದೆ. ಹದವಾದ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಭಾಗ ನೀರು ಮತ್ತು ಗಾಳಿ ತುಂಬಿದ ಸಣ್ಣ ರಂಧ್ರಗಳೇ ಆಗಿರುತ್ತವೆ. ಕೊಳೆತ ಸಸ್ಯಾಂಶವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು, ಶಿಲೀಂಧ್ರಗಳ ಎಳೆಗಳು ಮತ್ತು ಸಣ್ಣ ಬೇರುಗಳು ಮಣ್ಣಿನ ಕಣಗಳನ್ನು ಹರಳುಹರಳಾಗಿ ಹಿಡಿದಿಡುವುದರಿಂದ ಈ ರಂಧ್ರಗಳು ಉಳಿಯುತ್ತವೆ; ಆ ಜೀವಿಗಳಿಗೆ ಆಹಾರ ತಪ್ಪಿದಾಗ ಹರಳುಗಳು ಮಳೆಹನಿಯ ಪೆಟ್ಟಿಗೆ ಒಡೆದು, ಅವುಗಳ ನುಣುಪು ಕಣಗಳು ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನಿಮ್ಮ ಹೊಲದಲ್ಲಿ ನೀರು ನಿಲ್ಲುವುದಕ್ಕೂ ಹೆಪ್ಪುಗಟ್ಟುವುದಕ್ಕೂ ಇದೇ ಕಾರಣವಿರಬಹುದು. ಉಸಿರಾಡಲು ಗಾಳಿಯಿಲ್ಲದ ಬೇರು ಮುಂದಕ್ಕೆ ಚಾಚುವುದಿಲ್ಲ. ರಂಜಕವಂತೂ ಮಣ್ಣಿನಲ್ಲಿ ಇದ್ದಲ್ಲಿಂದ ಹೆಚ್ಚು ಚಲಿಸದ ಪೋಷಕಾಂಶವಾದುದರಿಂದ, ಬೇರಾಗಲಿ ಬೇರಿಗೆ ಅಂಟಿಕೊಂಡ ಶಿಲೀಂಧ್ರವಾಗಲಿ ಅದರ ಬಳಿಗೆ ಹೋಗದಿದ್ದರೆ ವರದಿಯಲ್ಲಿ ಕಾಣುವ ರಂಜಕ ಬೆಳೆಗೆ ದಕ್ಕುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಉಳುಮೆ ಕಾಣದ, ಹುಲ್ಲು ಬೆಳೆದ ಬದುವಿನಿಂದ ಒಂದು, ಹೊಲದಿಂದ ಒಂದು ಸಣ್ಣ ಹೆಂಟೆಯನ್ನು ತಂದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಎರಡು ಗಾಜಿನ ಲೋಟಗಳ ನೀರಿನಲ್ಲಿ ಮೆಲ್ಲಗೆ ಇಳಿಬಿಡಿ. ಬದುವಿನ ಹೆಂಟೆ ಗಟ್ಟಿಯಾಗಿ ನಿಂತು, ಹೊಲದ್ದು ಕೆಲವೇ ನಿಮಿಷಗಳಲ್ಲಿ ಕುಸಿದು ನೀರನ್ನು ಕೆಸರಾಗಿಸಿದರೆ, ಕಣಗಳನ್ನು ಹಿಡಿದಿಡುವ ಬಂಧ ಸಡಿಲವಾಗಿದೆ ಎಂದು ತಿಳಿಯಿರಿ. ಜೊತೆಗೆ ಬೆಳೆಯ ಪಕ್ಕದಲ್ಲಿ ಮೊಳದುದ್ದ ಗುಂಡಿ ತೋಡಿ ನೋಡಿ. ಬೇರುಗಳು ಒಂದು ಆಳದಲ್ಲಿ ತಟ್ಟನೆ ಅಡ್ಡಕ್ಕೆ ತಿರುಗಿದ್ದರೆ, ಒದ್ದೆ ನೆಲದ ಮೇಲೆ ಓಡಿದ ಭಾರದ ಯಂತ್ರಗಳಿಂದ ಅಥವಾ ಪ್ರತಿವರ್ಷ ಒಂದೇ ಆಳಕ್ಕೆ ಮಾಡಿದ ಉಳುಮೆಯಿಂದ ಅಲ್ಲಿ ಗಟ್ಟಿ ಪದರವೊಂದು ಏರ್ಪಟ್ಟಿರುತ್ತದೆ.

ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಲ್ಲಿಸಬೇಡಿ, ಪರೀಕ್ಷೆ ಸೂಚಿಸಿದಷ್ಟಕ್ಕೆ ಇಳಿಸಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ, ಮಣ್ಣು ಹಸಿಯಿದ್ದಾಗ ಉಳುಮೆ ಮಾಡಬೇಡಿ, ಎರಡು ಬೆಳೆಗಳ ನಡುವೆ ನೆಲವನ್ನು ಬರಿದಾಗಿ ಬಿಡದೆ ದ್ವಿದಳ ಜಾತಿಯ ಹಸಿರೆಲೆ ಗೊಬ್ಬರದ ಬೆಳೆಯನ್ನು (ಹಸಿಯಾಗಿಯೇ ಮಣ್ಣಿಗೆ ಸೇರಿಸಲೆಂದು ಬೆಳೆಯುವ ಗಿಡಗಳನ್ನು) ಬಿತ್ತಿ. ಆ ಗಿಡವೊಂದನ್ನು ಹೂ ಬಿಡುವ ಮುನ್ನ ಬೇರುಸಹಿತ ಕಿತ್ತು, ಬೇರುಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣಬೇಕು. ಗಾಳಿಯ ಸಾರಜನಕವನ್ನು ಹಿಡಿದಿಡುವ ಕೆಲಸ ನಡೆದಿದೆ ಎನ್ನುವುದಕ್ಕೆ ಅದು ಗುರುತು. ಸಾವಯವ ಇಂಗಾಲ ಏರಲು ವರ್ಷಗಳೇ ಹಿಡಿಯುತ್ತವೆ, ಆದರೆ ನೀರು ಇಂಗುವ ವೇಗದಲ್ಲಿ ವ್ಯತ್ಯಾಸ ಅದಕ್ಕೂ ಮೊದಲೇ ಕಾಣಸಿಗುತ್ತದೆ.

ಪ್ರಶ್ನೆ: ಒಣಹುಲ್ಲನ್ನು ಸುಡದೆ ಮಣ್ಣಿಗೆ ಸೇರಿಸಿ ಬಿತ್ತಿದೆ. ಎಳೆಯ ಸಸಿಗಳು ಹಳದಿಯಾದವು. ಸುಡುವುದೇ ಒಳಿತೇ?

ಉತ್ತರ: ಖಂಡಿತ ಸುಡಬೇಡಿ, ಸುಟ್ಟರೆ ಹುಲ್ಲಿನಲ್ಲಿರುವ ಇಂಗಾಲ ಮತ್ತು ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಒಣಹುಲ್ಲಿನಲ್ಲಿ ಸಾರಜನಕ ತೀರಾ ಕಡಿಮೆಯಿರುವುದರಿಂದ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದುದನ್ನು ಮಣ್ಣಿನಿಂದಲೇ ಎಳೆದುಕೊಂಡಿರುತ್ತವೆ, ಸಸಿಗಳಿಗೆ ಕೊರತೆಯಾಗುವುದು ಹೀಗೆ. ಮುಂದಿನ ಬಾರಿ ಬಿತ್ತನೆಗೆ ಕೆಲವು ವಾರ ಮೊದಲೇ ತೇವವಿರುವ ನೆಲಕ್ಕೆ ಹಸಿರು ಸೊಪ್ಪಿನೊಂದಿಗೆ ಸೇರಿಸಿ, ಇಲ್ಲವೇ ಬೆಳೆಯ ಸಾಲುಗಳ ನಡುವೆ ಹೊದಿಕೆಯಾಗಿ ಹಾಸಿಬಿಡಿ.